ಗವಿಸಿದ್ದಪ್ಪನವರ ಮೈಕು, ವಿರೂಪಮ್ಮನ ದನಿ

ಬಳ್ಳಾರಿಯ ನಮ್ಮ ಸಮುದಾಯ ರೇಡಿಯೋ ಇವತ್ತು ಕಿವಿಗೆ ಹಿತವಾಗಿ ಕೇಳಿಸುತ್ತಿದ್ದರೆ ಅದಕ್ಕೆ ಕುರುಗೋಡಿನ ಗವಿಸಿದ್ದಪ್ಪನವರೇ ಕಾರಣ. ಮದುವೆ, ಪುರಾಣ, ಚುನಾವಣೆ ಎಂದು ಊರೂರಿಗೆ ಮೈಕ್ ಸೆಟ್ ಹೊತ್ತು ತಿರುಗಿದವರು, ವಯಸ್ಸಾದ ಮೇಲೆ ನಮ್ಮ ಸ್ಟುಡಿಯೋದ ಮಿಕ್ಸರ್ ಮುಂದೆ ಕೂರುತ್ತಾರೆ. ಸ್ಟುಡಿಯೋ ಎಂದರೆ ದೊಡ್ಡ ಮಾತಾಯಿತು. ಜೀನ್ಸ್ ಹೊಲಿಯುವ ಘಟಕದ ಮೇಲೊಂದು ಕೋಣೆ, ನಡುವೆ ಒಂದು ಗಾಜು, ಅಷ್ಟೇ. ಮೊದಲಿದ್ದ ಸೂಕ್ಷ್ಮ ಮೈಕಿನಲ್ಲಿ ನಮ್ಮ ಮಾತಿಗಿಂತ ಕೆಳಗಿನ ಹೊಲಿಗೆ ಯಂತ್ರಗಳೇ ಚೆನ್ನಾಗಿ ಕೇಳುತ್ತಿದ್ದವು. ಬಾಯಿ ಹತ್ತಿರದ ದನಿಯನ್ನಷ್ಟೇ ಹಿಡಿಯುವ ಡೈನಮಿಕ್ ಮೈಕನ್ನು ಹುಡುಕಿ ತಂದವರು ಅವರು, ಪುಣ್ಯಾತ್ಮ.

ಆ ಮೈಕಿಗೆ ಒಂದೇ ತಕರಾರು. ಅದು ಕೊಡುವ ದನಿ ತೀರ ಸಣ್ಣದು. ಎತ್ತಬೇಕೆಂದರೆ ಮಿಕ್ಸರಿನ ಗೇನ್ ಗುಂಡಿ ತಿರುಗಿಸಬೇಕು. ಕೊನೆತನಕ ತಿರುಗಿಸಿದರೆ ಮಾತಿನ ಜೊತೆ ಸುಸ್ ಎಂಬ ಸದ್ದೂ ಎದ್ದು ಕೂರುತ್ತದೆ. ನನಗೇನೂ ತೊಂದರೆಯಾಗಲಿಲ್ಲ. ನಾನು ಗಾಂಧಿನಗರದಲ್ಲಿ ನಿಂತು ಬೈದರೆ ಕೌಲ್ ಬಜಾರಿಗೆ ಕೇಳುತ್ತದೆ.

ತೊಂದರೆಯಾದದ್ದು ಗವಿಸಿದ್ದಪ್ಪನವರ ಸೊಸೆ ವಿರೂಪಮ್ಮನಿಗೆ. ಅವಳ ತವರು ಸಿರುಗುಪ್ಪದ ಕಡೆಯ ದೇಶನೂರು. ತುಂಬು ಬಸುರಿಯಾಗಿದ್ದಾಗ ಮುಖ ಊದಿ ಕಣ್ಣು ಮಂಜಾದರೂ ಯಾರಿಗೂ ಹೇಳದೆ ಗಂಡನ ಮನೆಯ ಒಳಕೋಣೆಯಲ್ಲಿ ಬಿದ್ದುಕೊಂಡಿದ್ದು, ಬಳ್ಳಾರಿಯ ಆಸ್ಪತ್ರೆಯಲ್ಲಿ ಹೇಗೋ ಬದುಕಿ ಉಳಿದವಳು. ಇನ್ನೊಬ್ಬ ಹೆಣ್ಣುಮಗಳು ಹಾಗೆ ಸುಮ್ಮನಿರಬಾರದು, ಅದನ್ನು ರೇಡಿಯೋದಲ್ಲಿ ತಾನೇ ಹೇಳಬೇಕು ಎಂದು ಅವಳಿಗೆ ಹಟ. ದೇಶನೂರಿನ ಗದ್ದೆಯಲ್ಲಿ ನಾಟಿ ಮಾಡುವ ಹೆಂಗಸರ ನಡುವೆ ಅವಳ ಮಾತು ಕೇಳಿ, ನನ್ನ ಅರ್ಧ ಗಂಟೆಯ ಕಾರ್ಯಕ್ರಮಕ್ಕೆ ನಾನೇ ಕರೆದಿದ್ದೆ. ಅಲ್ಲಿ ಬದುವಿನಾಚೆಯವರೂ ಕೈ ನಿಲ್ಲಿಸಿ ಕೇಳುತ್ತಿದ್ದರು. ಸ್ಟುಡಿಯೋದಲ್ಲಿ ಕೂರಿಸಿದರೆ ಬಾಯಿಂದ ಬರೀ ಗಾಳಿ.

ಗವಿಸಿದ್ದಪ್ಪನವರು ಗೇನ್ ಏರಿಸಿದರು. ಸುಸ್ ಎಂದಿತು. ಮೈಕಿಗೂ ಮಿಕ್ಸರಿಗೂ ನಡುವೆ ಬೂಸ್ಟರ್ ಎಂಬ ಪುಟ್ಟ ಡಬ್ಬಿ ಸೇರಿಸಿದರು. ಅದು ಸದ್ದನ್ನು ಬಿಟ್ಟು ದನಿಯನ್ನಷ್ಟೇ ಎತ್ತುತ್ತದೆ ಎಂದರು. ನನ್ನ ದನಿಗೆ ಗುಂಡಿ ಸ್ವಲ್ಪ ತಿರುಗಿಸಿದರೂ ಹೆಚ್ಚಾಯಿತು. ವಿರೂಪಮ್ಮ ಕೂತರೆ ಮತ್ತೆ ಅದೇ ಸುಸ್. ಬಾಯಿ ಬಿಟ್ಟು ಮಾತಾಡು ತಾಯಿ ಎಂದು ನಾನು ಗದರಿದೆ. ಅವಳು ಗಾಜಿನ ಕಡೆ ನೋಡಿ ಸೆರಗು ಎಳೆದುಕೊಂಡಳು. ಹೀಗೇ ಆದರೆ ಆ ಅರ್ಧ ಗಂಟೆಗೆ ಸಿನಿಮಾ ಹಾಡು ಹಾಕಿಬಿಡಿ ಎಂದು ರೇಡಿಯೋ ಕಮಿಟಿಯವರು ಹೇಳಿಯೂ ಆಗಿತ್ತು. ನನಗೆ ತಲೆ ಕೆಟ್ಟುಹೋಯಿತು.

ಕೇಬಲ್ಲೇ ಕೆಟ್ಟಿರಬೇಕೆಂದು ಗವಿಸಿದ್ದಪ್ಪನವರು ಹೊಸದು ತರಲು ಹೋದರು. ಅವರು ಮೆಟ್ಟಿಲಿಳಿದದ್ದೇ ತಡ, ವಿರೂಪಮ್ಮ ಬಾಯಿ ಬಿಟ್ಟಳು.

“ಗಂಗೋತ್ರಿ ಅಕ್ಕಾರ, ಮಾವಾರು ಎದುರಿಗೆ ಕುಂತ್ರ ನನ್ನ ಗಂಟಲ ಏಳಂಗಿಲ್ರಿ. ಮದಿವಿ ಆದಾಗಿಂದ ಅವರ ಮುಂದ ದನಿ ಎತ್ತಿಲ್ಲ ನಾನು.”

ಅವಳ ದನಿಯ ಜೋರಿಗೆ ಮಿಕ್ಸರಿನ ದೀಪಗಳು ಕೆಂಪಿಗೇರಿದವು. ಅಯ್ಯೋ ದೇವರೇ! ಹಿರಿಯರ ಮುಂದೆ ಸೊಸೆ ದನಿ ಎತ್ತಬಾರದು ಎಂಬುದು ಅವರ ಮನೆಯ ಪದ್ಧತಿ. ಸೊಸೆಯ ದನಿ ಇರುವುದೇ ಇಷ್ಟು ಎಂದುಕೊಂಡು ಆ ಹಿರಿಯರು ತಂತಿಯಲ್ಲಿ ದೋಷ ಹುಡುಕುತ್ತಿದ್ದರು.

ಅವರು ಬಂದ ಮೇಲೆ ಇದ್ದದ್ದನ್ನು ಇದ್ದ ಹಾಗೇ ಹೇಳಿದೆ. ತಂದ ಕೇಬಲ್ ಸುತ್ತಿ ಬದಿಗಿಟ್ಟರು. ಬೇರೆಯವರಾಗಿದ್ದರೆ ಸೊಸೆಯನ್ನು ಎಬ್ಬಿಸಿಕೊಂಡು ಮನೆಗೆ ಹೊರಡುತ್ತಿದ್ದರು. ಇವರು ಗುಂಡಿ ಎಲ್ಲಿಡಬೇಕೆಂದು ನನಗೆ ಕಲಿಸಿ, ಹೆಡ್‌ಫೋನಿನ ವೈರ್ ಉದ್ದ ಮಾಡಿಕೊಂಡು, ಹೊರಗೆ ಮೆಟ್ಟಿಲ ಮೇಲೆ ಹೋಗಿ ಕೂತರು. ಆ ಉಪಕಾರವನ್ನು ನಾನು ಸಾಯುವತನಕ ಮರೆಯುವುದಿಲ್ಲ. ಮಾವ ಕೇಳುತ್ತಿದ್ದಾರೆಂದು ವಿರೂಪಮ್ಮನಿಗೂ ಗೊತ್ತಿತ್ತು. ಎದುರಿಗಿಲ್ಲವಲ್ಲ, ಅಷ್ಟು ಸಾಕಾಗಿತ್ತು.

ಗುಂಡಿ ಅರ್ಧಕ್ಕೇ ನಿಂತಿತ್ತು. ಸುಸ್ ಎಂಬ ಸದ್ದಿಲ್ಲ, ಕೆಳಗಿನ ಯಂತ್ರಗಳಿಲ್ಲ, ಅವಳ ದನಿಯೊಂದೇ. ಊದಿದ ಮುಖ, ಮಂಜಾದ ಕಣ್ಣು, ಎಲ್ಲವನ್ನೂ ಹೇಳಿದಳು. ಕೊನೆಗೆ ಹೇಳಿದ್ದು ಮಾತ್ರ ನನಗೂ ಗೊತ್ತಿರಲಿಲ್ಲ.

“ಅವತ್ತು ಪಡಸಾಲ್ಯಾಗ ಹಿರಿಯರು ಇದ್ರು. ಕೂಗಿದ್ರ ಎದ್ದು ಬರ್ತಿದ್ರು. ದನಿ ಎತ್ತಬಾರದಂತ ನಾನ ಕೂಗಲಿಲ್ಲ. ನೀವು ಹಂಗ ಮಾಡಬ್ಯಾಡ್ರೆವ್ವ.”

ರೆಕಾರ್ಡಿಂಗ್ ಮುಗಿದ ಮೇಲೂ ಗವಿಸಿದ್ದಪ್ಪನವರು ಬೇಗ ಒಳಗೆ ಬರಲಿಲ್ಲ. ಬಂದಾಗ ಕಣ್ಣು ಕೆಂಪಾಗಿತ್ತು. ವಿರೂಪಮ್ಮ ಸೆರಗು ಎಳೆದುಕೊಂಡು ಎದ್ದು ನಿಂತಳು.

“ಇನ್ನ ಮ್ಯಾಲೆ ಕೂಗಿ ಕರಿಯವ್ವ,” ಎಂದರು.

“ಆತ್ರಿ ಮಾವಾರ,” ಎಂದಳು. ದನಿ ಸಣ್ಣದೇ ಇತ್ತು, ಆದರೆ ಗಾಜಿನ ಈಚೆ ಕೂತಿದ್ದ ನನಗೂ ಕೇಳಿಸಿತು.