ಮಗಳು ತಂದ ಮೊದಲ ಡಬ್ಬಿ

ಮಲಾಯೆಯ ಓದು ನಾಲ್ಕನೇ ತರಗತಿಗೇ ಮುಗಿದಿತ್ತು. ಸವಾಯಿ ದ್ವೀಪದ ಕಡಲಂಚಿನ ಊರಿನಲ್ಲಿ ಮೀನು ಹಿಡಿದು, ಕೆಸುವಿನ ಗೆಡ್ಡೆ ಮಾರಿ, ಒಬ್ಬಳೇ ಮಗಳು ಸಿಯೆನಿಯನ್ನು ಓದಿಸಿದಳು. ಸಿಯೆನಿ ಟೀಚರಾದಳು. ಮೊದಲ ಸಂಬಳದಲ್ಲಿ ಅವಳು ಉಪ್ಪು ಹಾಕಿದ ದನದ ಮಾಂಸದ ದೊಡ್ಡ ಡಬ್ಬಿ ಹೊತ್ತು ತಂದಾಗ ಮಲಾಯೆ ಹಿರಿಹಿರಿ ಹಿಗ್ಗಿ ಕೇರಿಗೆಲ್ಲ ಹಂಚಿದಳು. ಅಲ್ಲಿಂದಾಚೆ ಮನೆಯಲ್ಲಿ ದಿನವೂ ಡಬ್ಬಿಯ ಮಾಂಸವೇ; ಮೀನು, ಗೆಡ್ಡೆ ಎಲ್ಲ ಅವಳ ಕಣ್ಣಿಗೆ ಓದದವರ ಊಟವಾಯಿತು. ಟೀಚರ ತಾಯಿಯೂ ಅದನ್ನೇ ತಿಂದರೆ ಮಗಳನ್ನು ಓದಿಸಿ ಏನು ಬಂತು? ಮಗಳು ಕಾರು ಕೊಂಡ ಮೇಲೆ ನಡೆಯುವುದೂ ನಿಂತಿತು. ಮನೆಯಲ್ಲಿ ಕಾರಿಟ್ಟುಕೊಂಡು ನಡೆದರೆ ನೋಡಿದವರು ಏನಂದಾರು!

ಈಗ ಮಲಾಯೆಗೆ ಸಕ್ಕರೆ ಕಾಯಿಲೆ. ಪಾದದ ಹುಣ್ಣು ಮಾಯುತ್ತಿಲ್ಲ. ಊಟ ಬದಲಾಗದಿದ್ದರೆ ಕಾಲು ತೆಗೆಯಬೇಕಾದೀತು ಎಂದು ಆಸ್ಪತ್ರೆಯಲ್ಲಿ ಖಡಾಖಂಡಿತವಾಗಿ ಹೇಳಿದ್ದಾರೆ. ಸಿಯೆನಿ ಮೊದಲು ತಾನೇ ಬದಲಾದಳು. ಬೆಳಗ್ಗೆ ನಡೆಯುತ್ತಾಳೆ, ಡಬ್ಬಿ ಮುಟ್ಟುವುದಿಲ್ಲ. ತಾಯಿಗೆ ಹೇಳಿ ಹೇಳಿ ಅವಳ ಬಾಯಿ ಸೋತಿದೆ.

ಭಾನುವಾರ ಪಾದ್ರಿಗಳ ಮನೆಯಲ್ಲಿ ಊರಿನವರ ಊಟ. ಪ್ರತಿ ಮನೆಯಿಂದಲೂ ಒಂದು ತಟ್ಟೆ ಅಡುಗೆ ಹೋಗಬೇಕು. ಸಿಯೆನಿ ಸುಟ್ಟ ಮೀನು, ಬೇಯಿಸಿದ ಬಾಳೆಕಾಯಿ ಜೋಡಿಸಿದಳು.

"ಇದನ್ನ ತಗೊಂಡ್ಹೋಗ್ತೀಯಾ? ನನ್ನ ಮಾನ ಕಳೀಬೇಡ ಕಣೇ!"

"ಮಾನ ಹೋದ್ರೆ ನಾಳೆ ಬರತ್ತಮ್ಮಾ, ಕಾಲು ಬರಲ್ಲ. ಇವತ್ತೊಂದಿನ ಎಲ್ರ ಮುಂದೆ ಇದನ್ನೇ ತಿನ್ನು. ಆಮೇಲೆ ಯಾರೂ ಕೇಳಲ್ಲ."

ಮಲಾಯೆ ಒಲ್ಲದ ಮನಸ್ಸಿನಿಂದ ಹೂಂ ಅಂದಳು.

ಪಾದ್ರಿಗಳ ಮನೆಯಲ್ಲಿ ಚಾಪೆಯ ಮೇಲೆ ತಟ್ಟೆ ಇಟ್ಟಿದ್ದೇ ತಡ, ಎದುರು ಮನೆಯ ಲೆಯಿತು ಶುರುಮಾಡಿದಳು. ಅವಳ ನಾಲಿಗೆಗೆ ಭಾನುವಾರವೂ ರಜೆಯಿಲ್ಲ.

"ಏನ್ ಮಲಾಯಕ್ಕಾ, ಮಗಳ ಸಂಬಳ ನಿಂತೋಯ್ತಾ? ಅಷ್ಟೆಲ್ಲಾ ಓದ್ಸಿದ್ದು ಈ ಮೀನಿಗೇನಾ?"

ಎಲ್ಲರೂ ನಕ್ಕರು. ಮಲಾಯೆಯ ಮೈ ಉರಿದುಹೋಯಿತು.

"ನನ್ನ ಮಗಳು ಡಬ್ಬಿ ತಂದಾಗ ನೀನು ಅದರ ವಾಸನೇನೂ ನೋಡಿರ್ಲಿಲ್ಲ! ತಾ ಇಲ್ಲಿ!" ಎಂದು ಲೆಯಿತುವಿನ ತಟ್ಟೆಯಿಂದಲೇ ಡಬ್ಬಿಯ ಮಾಂಸ ಬಾಚಿಕೊಂಡು ತಿಂದಳು. ಬೇಕಾಗಿರಲಿಲ್ಲ, ಆದರೂ ಮತ್ತೆ ಬಾಚಿಕೊಂಡಳು. ಮಗಳ ಕಡೆ ನೋಡಲು ಅವಳಿಗೆ ಮುಖವಿರಲಿಲ್ಲ.

ಸಂಜೆ ಸಿಯೆನಿ ಬಿಸಿನೀರು ತಂದು ತಾಯಿಯ ಹುಣ್ಣು ತೊಳೆಯಲು ಕೂತಳು. ಬೈಯಲಿಲ್ಲ. ಬೈದಿದ್ದರೆ ಮಲಾಯೆಗೆ ಎಷ್ಟೋ ಹಗುರವಾಗುತ್ತಿತ್ತು.

"ಮೊದಲ್ನೇ ಡಬ್ಬಿ ತಂದೋಳು ನಾನೇ ಅಲ್ವೇನಮ್ಮಾ," ಎಂದು ಮಗಳು ಬಿಕ್ಕಿದಳು.

"ಹಂಗನ್ಬೇಡ ಮಗಾ. ಅಂಥಾ ರುಚಿ ನಾನು ಜನ್ಮದಲ್ಲೇ ತಿಂದಿರ್ಲಿಲ್ಲ," ಎಂದು ಮಲಾಯೆ ಸಮಾಧಾನ ಹೇಳಿದಳು.

ಆಮೇಲೆ ಕೆಳಗೆ ನೋಡಿದಳು. ಮಗಳು ಎರಡೂ ಕೈಯಲ್ಲಿ ಅವಳ ಪಾದವನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ಕಣ್ಣಿಗೆ ಬೀಳುವ ತನಕ ಆ ಹಿಡಿತ ಮಲಾಯೆಯ ಪಾದಕ್ಕೆ ಗೊತ್ತೇ ಆಗಿರಲಿಲ್ಲ.