ದೇಯಕ್ಕನ ಟಿ.ವಿ.ಗೆ ಮಾತಿಲ್ಲ
ಬೋಳಾರದ ದೇಯಕ್ಕ ಟಿ.ವಿ. ನೋಡುವುದು ಧ್ವನಿ ಪೂರ್ತಿ ಬಂದ್ ಮಾಡಿಯೇ. ಧಾರಾವಾಹಿಯ ಅತ್ತೆ ಬಾಯಿ ತೆರೆದರೆ ಸಾಕು, ಅವಳ ಮಾತನ್ನು ಇವರೇ ಹೇಳಿ ಮುಗಿಸುತ್ತಾರೆ. ವಾರ್ತೆ ಓದುವವನಿಗೂ ಬಿಡುಗಡೆಯಿಲ್ಲ. "ಮುಖ ಉಂಟಲ್ಲ, ಮತ್ತೆ ಮಾತು ಎಂತಕ್ಕೆ ಮಾರಾಯ್ತಿ?" ಎಂದು ಸೊಸೆ ಯಶ್ಮಿತಾಳನ್ನೇ ಗದರುತ್ತಾರೆ. ಇವರ ತಾಯಿ ಮೂಕಿಚಿತ್ರಗಳ ಕಾಲದಲ್ಲಿ ಮುಂಬಯಿಗೆ ಹೋಗಿ ರಾಣಿಯ ಪಾತ್ರಗಳಲ್ಲಿ ಮೆರೆದವರು. ಅವರು ಕುದುರೆ ಏರಿದ್ದನ್ನು, ಕತ್ತಿ ಬೀಸಿದ್ದನ್ನು ದೇಯಕ್ಕ ಮೀನು ತರುವವಳಿಗೂ ಅಭಿನಯಿಸಿ ತೋರಿಸಿದ್ದಾರೆ; ಸೌಟೇ ಕತ್ತಿಯಾಗಿ ಅಡುಗೆಮನೆಯ ಬಲ್ಬು ಒಡೆದದ್ದೂ ಉಂಟು. ಆಮೇಲೆ ಮಾತಾಡುವ ಸಿನಿಮಾ, ಟಾಕಿ ಬಂತು. ಹಿಂದಿ ಮಾತಿನಲ್ಲಿ ತುಳುವಿನ ರಾಗ ಇಣುಕಿದ್ದೇ ತಡ, ರಾಣಿಯನ್ನು ಕೆಲಸದವಳ ಪಾತ್ರಕ್ಕೆ ಇಳಿಸಿದರು. "ಮಾತು ಬಂದೇ ನಮ್ಮ ಅಮ್ಮ ಹಾಳಾದದ್ದು" ಎಂಬುದು ದೇಯಕ್ಕನ ತೀರ್ಪು. ಆದರೆ ಮಧ್ಯಾಹ್ನ ಊಟದ ಹೊತ್ತಿಗೆ ಮಾತ್ರ ಅವರು ಸೊಸೆಯ ಮೊಬೈಲ್ ಕೇಳಿ ಪಡೆದು, ಧ್ವನಿ ಪೂರ್ತಿ ಏರಿಸಿ ಕಿವಿಗೆ ಒತ್ತಿಕೊಳ್ಳುತ್ತಾರೆ. ಯಶ್ಮಿತಾ ಎಲ್ಲಿಂದಲೋ ಹುಡುಕಿಕೊಟ್ಟ ಹಳೆಯ ಟಾಕಿಯೊಂದರ ತುಣುಕು ಅದು. ಅದರಲ್ಲಿ ಕೆಲಸದವಳಾದ ಅಮ್ಮನಿಗೆ ಇರುವುದು ಹಿಂದಿಯ ಒಂದೇ ಮಾತು: "ಊಟಕ್ಕೆ ಬನ್ನಿ." ಹಾಲು ಕುಡಿಯುವ ವಯಸ್ಸಿನಲ್ಲೇ ತಾಯಿಯನ್ನು ಕಳೆದುಕೊಂಡ ದೇಯಕ್ಕ, "ಬತ್ತೆ ಅಮ್ಮಾ" ಎಂದು ತುಳುವಿನಲ್ಲೇ ಓಗೊಟ್ಟು, ಎದ್ದು ಬಂದು ಬಟ್ಟಲಿನ ಮುಂದೆ ಕೂರುತ್ತಾರೆ.