ಗೋಡೆಯ ಮುಂದೆ ನಿಂತ ದನಗಳು

ನಮ್ಮ ದನಗಳ ದಾರಿಗೆ ಗೋಡೆ ಕಟ್ಟಿಸಿದ್ದು ನಮ್ಮದೇ ಪಂಚಾಯಿತಿ.

ಮುಂಬೈಯಿಂದ ಬಾರ್ಕೂರಿನ ಅಜ್ಜಿಮನೆಗೆ ಬಂದ ವರ್ಷ ನನ್ನ ಮಾತು ಕೇಳಿ ಓರಗೆಯವರೆಲ್ಲ ನಗುತ್ತಿದ್ದರು. ಹಟ್ಟಿಯ ಕಂದು ದನ ಮಾತ್ರ ನನ್ನ ಕೈ ನೆಕ್ಕಿತು.

“ಹೆಣೆ, ದನ ಒಪ್ಪಿತಲ್ದಾ, ಇನ್ ನೀ ನಮ್ ಮನಿಯವ್ಳೇ,” ಎಂದರು ಅಜ್ಜಿ.

ಅಂದಿನಿಂದ ಸಂಜೆ ಬೈಲಿನಂಚಿನಲ್ಲಿ ನಿಂತು ದನಗಳನ್ನು ಕರೆಯುವ ಕೆಲಸ ನನ್ನದಾಯಿತು. ನನ್ನ ಕೂಗು ಕೇಳಿದರೆ ಅವು ಈಗ ಗೋಡೆ ಎದ್ದಿರುವ ದಾರಿ ಹಿಡಿದು ತಾವಾಗಿಯೇ ಹಟ್ಟಿ ಸೇರುತ್ತಿದ್ದವು. ಈ ಊರು ನನ್ನದೆಂದು ನಂಬಿದ್ದು ಹಾಗೆ.

ಇಂದಿಗೂ ಕರೆಯುತ್ತೇನೆ, ಅವು ಬಂದು ಗೋಡೆಗೆ ಮುಖವಿಟ್ಟು ನಿಲ್ಲುತ್ತವೆ. ಬಸ್ಸುಗಳು ನುಗ್ಗುವ ಮುಖ್ಯರಸ್ತೆಯಲ್ಲಿ ಸುತ್ತಿಸಿ ಮನೆಗೆ ತರಬೇಕಾಗಿದೆ.

ದಾರಿ ಮುಚ್ಚಿದ ಕಾರಣವನ್ನು ಪಂಚಾಯಿತಿ ಲಿಖಿತವಾಗಿ ತಿಳಿಸಬೇಕು, ಗೋಡೆ ತೆಗೆಸಿ ದಾರಿ ಬಿಡಿಸಿಕೊಡಬೇಕು ಎಂದು ಈ ಪತ್ರದ ಮೂಲಕ ಕೋರುತ್ತೇನೆ.